ಫ್ರೀಮಾಂಟ್‌ನಲ್ಲಿ ಅಪ್ಪ-ಅಮ್ಮನ ಆರೈಕೆ: ಯಾವ ಖರ್ಚು ಯಾರು ಕೊಡುತ್ತಾರೆ?

ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ಸುರತ್ಕಲ್‌ನ ಕಾಲೇಜುಗಳಿಂದ ಹೊರಟು ಕ್ಯಾಲಿಫೋರ್ನಿಯಾ ಸೇರಿದ ಎಂಜಿನಿಯರುಗಳಿಗೆ ಈಗ ಐವತ್ತು ದಾಟಿದೆ. ಅವರ ಅಪ್ಪ-ಅಮ್ಮನಿಗೆ ಎಂಬತ್ತರ ಆಸುಪಾಸು. ಊರಲ್ಲಿ ಒಬ್ಬರೇ ಯಾಕಿರಬೇಕು ಅಂತ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡವರು ಬೇಕಾದಷ್ಟು ಜನ. ಬಂದ ಹೊಸತರಲ್ಲಿ ಅಪ್ಪ ದಿನಾ ಬೆಳಿಗ್ಗೆ ಲೇಕ್ ಎಲಿಜಬೆತ್ ಸುತ್ತ ವಾಕಿಂಗ್ ಹೋಗುತ್ತಿದ್ದರು, ಅಮ್ಮ ಮೊಮ್ಮಕ್ಕಳಿಗೆ ದೋಸೆ ಹುಯ್ಯುತ್ತಿದ್ದರು. ಈಗ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಅಥವಾ ಅಮ್ಮ ಒಲೆ ಆರಿಸುವುದನ್ನು ಮರೆಯುತ್ತಿದ್ದಾರೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮುಂದೇನು?

ಇದರ ಜೊತೆಗೆ 2026ರ ಜನವರಿಯಿಂದ ಕ್ಯಾಲಿಫೋರ್ನಿಯಾದ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕ್ಯಾಲ್‌ಗೆ, ಇಷ್ಟಕ್ಕಿಂತ ಜಾಸ್ತಿ ಆಸ್ತಿ ಇರಬಾರದು ಅನ್ನುವ ಮಿತಿ ವಾಪಸ್ ಬಂದಿದೆ. ನಮ್ಮವರಿಗೆ ಸಿಗುತ್ತದಾ ಇಲ್ಲವಾ ಅನ್ನುವ ಗೊಂದಲ ಜಾಸ್ತಿಯಾಗಿದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ವಯಸ್ಸಾದವರಿಗೆ ಆಗುವ ಖರ್ಚು ಮೂರು ಬಗೆಯದು. ವಾಸ ಮತ್ತು ಊಟ ಒಂದು. ಸ್ನಾನ ಮಾಡಿಸಿ, ಬಟ್ಟೆ ಹಾಕಿಸಿ, ಕೈಹಿಡಿದು ನಡೆಸುವ ಆರೈಕೆ ಎರಡನೆಯದು. ಡಾಕ್ಟರು, ಔಷಧಿ, ಆಸ್ಪತ್ರೆ ಮೂರನೆಯದು. ನಮ್ಮ ಮನೆಗಳಲ್ಲಿ ಈ ಮೂರನ್ನೂ ಯಾರೂ ಬೇರೆ ಮಾಡಿ ನೋಡುವುದಿಲ್ಲ. ಅಮೆರಿಕದಲ್ಲಿ ಮೂರಕ್ಕೂ ಬೇರೆ ಬೇರೆ ಲೆಕ್ಕ. ಒಂದಕ್ಕೆ ದುಡ್ಡು ಕೊಡುವ ಯೋಜನೆ ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ.

ಅಲ್ಲಿ ರಾಜ್ಯಕ್ಕೊಂದು ನಿಯಮ. ಎಲ್ಲವನ್ನೂ ಹೇಳಹೊರಟರೆ ಯಾವುದೂ ತಲೆಗೆ ಹೋಗುವುದಿಲ್ಲ. ಅದಕ್ಕೆ ಒಂದೇ ಊರು ಹಿಡಿದುಕೊಳ್ಳೋಣ: ಫ್ರೀಮಾಂಟ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕೆ, ಅಲಮೀಡಾ ಕೌಂಟಿಯಲ್ಲಿರುವ ಉಪನಗರ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). 1956ರಲ್ಲಿ ಐದು ಸಣ್ಣ ಊರುಗಳು ಒಟ್ಟಾಗಿ ಆದ ನಗರ. 2020ರ ಜನಗಣತಿಯಲ್ಲಿ ಸುಮಾರು 2.3 ಲಕ್ಷ ಜನಸಂಖ್ಯೆ, ಅದರಲ್ಲಿ ಏಷ್ಯಾ ಮೂಲದವರೇ ಅರ್ಧಕ್ಕಿಂತ ಜಾಸ್ತಿ. ಕನ್ನಡದವರೂ ಸಾಕಷ್ಟಿದ್ದಾರೆ. ಕೆಳಗೆ ಮೆಡಿಕೇರ್ ಬಗ್ಗೆ, ಅಂದರೆ ಹಿರಿಯರಿಗಿರುವ ಕೇಂದ್ರ ಸರ್ಕಾರದ ವಿಮೆಯ ಬಗ್ಗೆ, ಹೇಳಿರುವುದು ಟೆಕ್ಸಾಸ್, ನ್ಯೂಜೆರ್ಸಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಮೆಡಿಕ್ಯಾಲ್ ಬಗ್ಗೆ ಇರುವುದು ಕ್ಯಾಲಿಫೋರ್ನಿಯಾಕ್ಕೆ ಮಾತ್ರ.

ಯಾವ ಜಾಗದಲ್ಲಿ ಏನು ಸಿಗುತ್ತದೆ

ಇಂಡಿಪೆಂಡೆಂಟ್ ಲಿವಿಂಗ್ ಅಂದರೆ ಹಿರಿಯರಿಗಾಗಿಯೇ ಇರುವ ಅಪಾರ್ಟ್‌ಮೆಂಟು. ಊಟದ ಹಾಲ್, ವ್ಯಾನು, ಯೋಗ ಕ್ಲಾಸು ಇರಬಹುದು. ಕೈಹಿಡಿದು ನೋಡಿಕೊಳ್ಳುವವರು ಇರುವುದಿಲ್ಲ.

ಅಸಿಸ್ಟೆಡ್ ಲಿವಿಂಗ್ ಅದರ ಮುಂದಿನ ಹಂತ. ರೂಮು, ಮೂರು ಹೊತ್ತು ಊಟ, ಮಾತ್ರೆ ನೆನಪಿಸುವುದು, ಸ್ನಾನಕ್ಕೆ ಸಹಾಯ, ರಾತ್ರಿಯೂ ಸಿಬ್ಬಂದಿ. ಆದರೆ ಇದು ಆಸ್ಪತ್ರೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಲೈಸೆನ್ಸ್ ಕೊಡುವುದು ಸಮಾಜ ಸೇವೆಗಳ ಇಲಾಖೆ, ಆರೋಗ್ಯ ಇಲಾಖೆಯಲ್ಲ. ಅಷ್ಟರಲ್ಲೇ ಇದು ಎಂಥ ಜಾಗ ಅಂತ ಗೊತ್ತಾಗುತ್ತದೆ, ಅಲ್ವಾ?

ಇದೇ ಲೈಸೆನ್ಸಿನಲ್ಲಿ ನಡೆಯುವ ಇನ್ನೊಂದು ರೂಪ ಬಹಳ ಜನರಿಗೆ ಗೊತ್ತಿಲ್ಲ. ಅದು ಬೋರ್ಡ್ ಅಂಡ್ ಕೇರ್. ಮಾಮೂಲಿ ಬೀದಿಯ ಮಾಮೂಲಿ ಮನೆ, ಒಳಗೆ ಹೆಚ್ಚೆಂದರೆ ಆರು ಜನ ಹಿರಿಯರು. ಆರು ಅಥವಾ ಅದಕ್ಕಿಂತ ಕಡಿಮೆ ಜನರಿದ್ದರೆ ಕಾನೂನು ಅದನ್ನು ಬೇರೆ ಮನೆಗಳ ಹಾಗೇ ನೋಡುತ್ತದೆ. ಹಾಗಾಗಿ ಬೋರ್ಡು ಕೂಡ ಕಾಣದೆ ಪಕ್ಕದಲ್ಲೇ ಒಂದಿರಬಹುದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಬೇ ಏರಿಯಾದಲ್ಲಿ ಇಂಥ ಮನೆಗಳನ್ನು ಫಿಲಿಪೀನ್ಸ್ ಮೂಲದ ಕುಟುಂಬಗಳು ನಡೆಸುವುದು ಸಾಮಾನ್ಯ. ದೊಡ್ಡ ಕಟ್ಟಡದ ಥಳುಕು ಇರುವುದಿಲ್ಲ, ಆದರೆ ಅಡುಗೆಮನೆ ಕಣ್ಣೆದುರೇ ಇರುತ್ತದೆ. ಮಾತಾಡಿ ಒಪ್ಪಿಸಿದರೆ ಅನ್ನ-ಸಾರು ಸಿಗುವ ಸಾಧ್ಯತೆ ಇಲ್ಲೇ ಜಾಸ್ತಿ ಅಂತ ನನ್ನ ಅನಿಸಿಕೆ.

ಮೆಮೊರಿ ಕೇರ್ ಮರೆವಿನ ಕಾಯಿಲೆ ಇರುವವರಿಗೆ. ಬಾಗಿಲಿಗೆ ಅಲಾರಂ, ಜಾಸ್ತಿ ಸಿಬ್ಬಂದಿ, ಅದಕ್ಕೆ ತಕ್ಕ ಹಾಗೆ ಜಾಸ್ತಿ ದರ.

ಕೊನೆಯದು ನರ್ಸಿಂಗ್ ಹೋಂ. ನಮ್ಮ ಕಡೆ ಹೆರಿಗೆಗೆ, ಸಣ್ಣ ಆಪರೇಷನ್‌ಗೆ ಸೇರಿಸುವ ಆಸ್ಪತ್ರೆ ಅಂದುಕೊಳ್ಳಬೇಡಿ. ಅಲ್ಲಿ ಅದು ಹಾಸಿಗೆ ಹಿಡಿದವರನ್ನು ಇಪ್ಪತ್ನಾಲ್ಕು ಗಂಟೆ ನರ್ಸುಗಳು ನೋಡಿಕೊಳ್ಳುವ ಜಾಗ. ಆಪರೇಷನ್ ಆದಮೇಲೆ ಚೇತರಿಸಿಕೊಳ್ಳಲು ಕೆಲವೇ ವಾರ ಇರುವವರನ್ನೂ ಇಲ್ಲಿಗೇ ಕಳಿಸುತ್ತಾರೆ.

ಬಿಲ್ಲು ಹೇಗೆ ಬೆಳೆಯುತ್ತದೆ

ಜೆನ್ವರ್ತ್ ಮತ್ತು ಕೇರ್‌ಸ್ಕೌಟ್ ಸಂಸ್ಥೆಗಳು ಈ ದರಗಳ ಸಮೀಕ್ಷೆ ಮಾಡುತ್ತಾ ಬಂದಿವೆ. 2024ರಲ್ಲಿ ಇಡೀ ಅಮೆರಿಕದ ಮಟ್ಟಿಗೆ ಅಸಿಸ್ಟೆಡ್ ಲಿವಿಂಗ್‌ನ ಮಧ್ಯಮ ದರ ತಿಂಗಳಿಗೆ 5,900 ಡಾಲರ್, ವರ್ಷಕ್ಕೆ 70,800. ಅಂದರೆ ಅರ್ಧದಷ್ಟು ಕಡೆ ಇದಕ್ಕಿಂತ ಕಡಿಮೆ, ಇನ್ನರ್ಧ ಕಡೆ ಜಾಸ್ತಿ. ರೂಪಾಯಿಯಲ್ಲಿ ತಿಂಗಳಿಗೆ ಐದು ಲಕ್ಷದ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಿಂತ ಜಾಸ್ತಿ, ಮನೆ ಬಾಡಿಗೆ ಸುಡುವ ಬೇ ಏರಿಯಾದಲ್ಲಿ ಇನ್ನೂ ಜಾಸ್ತಿ. ನರ್ಸಿಂಗ್ ಹೋಂನಲ್ಲಿ ಒಬ್ಬರಿಗೇ ಒಂದು ರೂಮಾದರೆ ದೇಶದ ಮಧ್ಯಮ ದರ ವರ್ಷಕ್ಕೆ 1,27,750 ಡಾಲರ್, ರೂಮು ಹಂಚಿಕೊಂಡರೆ 1,11,325.

ಅಷ್ಟೇನಾ ಅಂದರೆ ಅಲ್ಲ. ಅಸಿಸ್ಟೆಡ್ ಲಿವಿಂಗ್‌ನ ಬಿಲ್ಲು ನಮ್ಮ ಮದುವೆ ಛತ್ರದ ಬಿಲ್ಲಿನ ಹಾಗೆ. ಮೊದಲು ಹೇಳುವುದು ಹಾಲ್ ಬಾಡಿಗೆ. ಆಮೇಲೆ ಕರೆಂಟು ಬೇರೆ, ಜನರೇಟರ್ ಡೀಸೆಲ್ ಬೇರೆ, ಪಾತ್ರೆ ಬೇರೆ, ಕ್ಲೀನಿಂಗ್ ಬೇರೆ. ಇಲ್ಲಿಯೂ ಫೋನಿನಲ್ಲಿ ಹೇಳುವುದು ರೂಮು ಮತ್ತು ಊಟದ ಮೂಲ ದರ. ಆರೈಕೆಗೆ ಅದರ ಮೇಲೆ ಬೇರೆ ದರ.

ಆ ದರವನ್ನು ಹೇಗೆ ನಿರ್ಧರಿಸುತ್ತಾರೆ? ಸೇರುವ ಮುಂಚೆ ಡಾಕ್ಟರ್ ಒಂದು ವರದಿ ತುಂಬಿಕೊಡಬೇಕು. ಆಮೇಲೆ ಅಲ್ಲಿನವರು ಬಂದು ಅಮ್ಮನನ್ನು ಮಾತಾಡಿಸಿ ನೋಡುತ್ತಾರೆ. ತಾವೇ ಸ್ನಾನ ಮಾಡುತ್ತಾರಾ? ಸೀರೆ ಉಟ್ಟುಕೊಳ್ಳುತ್ತಾರಾ? ಟಾಯ್ಲೆಟ್‌ಗೆ ಒಬ್ಬರೇ ಹೋಗುತ್ತಾರಾ? ಮಂಚದಿಂದ ಕುರ್ಚಿಗೆ ಬರಲು ಒಬ್ಬರ ಸಹಾಯ ಸಾಕಾ, ಇಬ್ಬರು ಬೇಕಾ? ತಿನ್ನುತ್ತಾರಾ, ತಿನ್ನಿಸಬೇಕಾ? ಮೂತ್ರದ ಹತೋಟಿ ಇದೆಯಾ? ಹಲವು ಕಡೆ ಒಂದೊಂದಕ್ಕೂ ಅಂಕ ಇಟ್ಟು, ಒಟ್ಟು ಅಂಕದ ಮೇಲೆ ಲೆವೆಲ್ 1, ಲೆವೆಲ್ 2 ಅಂತ ಹಂತ ಮಾಡುತ್ತಾರೆ.

ಲೆಕ್ಕಕ್ಕೆ ಅಂತ ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ಮೂಲ ದರ 5,500. ಲೆವೆಲ್ 2ರ ಆರೈಕೆ 1,300. ಮಾತ್ರೆ ಕೊಡುವ ಜವಾಬ್ದಾರಿ 500. ಅಲ್ಲಿಗೆ ತಿಂಗಳಿಗೆ 7,300 ಆಯಿತು. ಸೇರುವಾಗ ಒಂದು ಸಲ ಕಟ್ಟುವ ಪ್ರವೇಶ ಶುಲ್ಕ ಬೇರೆ, ಅದಕ್ಕೆ ಕಮ್ಯುನಿಟಿ ಫೀ ಅನ್ನುತ್ತಾರೆ. ಡಯಾಪರ್, ಹೇರ್ ಕಟಿಂಗ್, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಇವು ಎಷ್ಟೋ ಕಡೆ ಲೆಕ್ಕದಲ್ಲೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮೂಲ ದರ ಏರಿಸಬೇಕಾದರೆ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಬಹಳ ಮುಂಚೆಯೇ ಬರಹದಲ್ಲಿ ತಿಳಿಸಬೇಕು. ಆದರೆ ಆರೈಕೆಯ ಹಂತ ಏರಿದರೆ ಹಾಗಲ್ಲ. ಹೊಸ ಹಂತದ ಸೇವೆ ಶುರು ಮಾಡಿ ಎರಡು ಕೆಲಸದ ದಿನದೊಳಗೆ ಪತ್ರ ಕೊಟ್ಟರೆ ಸಾಕು. ಅಪ್ಪ ಬಿದ್ದು ಬಂದ ವಾರವೇ ಬಿಲ್ಲು ಏರುವುದು ಹೀಗೆ.

ಮೆಡಿಕೇರ್ ಯಾಕೆ ಕೊಡುವುದಿಲ್ಲ

ಮೆಡಿಕೇರ್ ಅಂದರೆ 65 ದಾಟಿದವರಿಗೆ ಇರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ, 1965ರಲ್ಲಿ ಕಾನೂನಾಯಿತು. ಅದು ಮೂರನೇ ಖರ್ಚಿಗೆ ಮಾತ್ರ, ಅಂದರೆ ಚಿಕಿತ್ಸೆಗೆ. ವಾಸಕ್ಕಿಲ್ಲ, ದಿನನಿತ್ಯದ ಆರೈಕೆಗಿಲ್ಲ. ಹಾಗಾಗಿ ಅಸಿಸ್ಟೆಡ್ ಲಿವಿಂಗ್‌ನ ತಿಂಗಳ ಬಿಲ್ಲಿನಲ್ಲಿ ಒಂದು ಡಾಲರನ್ನೂ ಅದು ಕಟ್ಟುವುದಿಲ್ಲ. ಅಲ್ಲಿ ವಾಸ ಇರುವವರಿಗೆ ಡಾಕ್ಟರ ಖರ್ಚು, ಫಿಸಿಯೋಥೆರಪಿ, ಕೊನೆಗಾಲದ ಹಾಸ್ಪೈಸ್ ಸೇವೆ ಸಿಗುತ್ತದೆ. ರೂಮಿನ ಬಾಡಿಗೆ ಸಿಗುವುದಿಲ್ಲ.

ನರ್ಸಿಂಗ್ ಹೋಂ ವಿಷಯದಲ್ಲಿ ಅರ್ಧ ಸತ್ಯವೊಂದು ಓಡಾಡುತ್ತಿದೆ: ನೂರು ದಿನ ಫ್ರೀ ಅಂತ. ನಿಜ ಏನೆಂದರೆ, ಮೊದಲು ಸತತ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾಗಿರಬೇಕು. ಆಮೇಲೂ ನರ್ಸ್ ಅಥವಾ ಥೆರಪಿಸ್ಟ್ ಮಾಡಬೇಕಾದ ಚಿಕಿತ್ಸೆ ದಿನಾ ಬೇಕಾಗಿರಬೇಕು. ಆಗ ಮೊದಲ 20 ದಿನ ಪೂರ್ತಿ ಸಿಗುತ್ತದೆ. 21ರಿಂದ 100ನೇ ದಿನದವರೆಗೆ ನಾವು ದಿನಕ್ಕಿಷ್ಟು ಅಂತ ಕಟ್ಟಬೇಕು, 2025ರಲ್ಲಿ ಅದು ದಿನಕ್ಕೆ 209.50 ಡಾಲರ್ ಇತ್ತು. ಆ ದರದಲ್ಲಿ ಎಂಬತ್ತು ದಿನವೂ ಇದ್ದರೆ 16,760 ಡಾಲರ್. ಪೂರಕ ವಿಮೆ ಇದ್ದವರಿಗೆ ಇದನ್ನು ಆ ವಿಮೆ ಕಟ್ಟಬಹುದು. ನೂರು ದಿನದ ನಂತರ ಏನೂ ಇಲ್ಲ.

ಆ ಮೂರು ದಿನದಲ್ಲೂ ಒಂದು ತೊಡಕಿದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಮಾತ್ರಕ್ಕೆ ದಾಖಲಾದ ಹಾಗಲ್ಲ. ಅಬ್ಸರ್ವೇಷನ್ ಅಂತ ಇಟ್ಟುಕೊಂಡರೆ ಅದು ಹೊರರೋಗಿಯ ಲೆಕ್ಕ, ಮೂರು ರಾತ್ರಿ ಕಳೆದರೂ ಎಣಿಕೆಗೆ ಬರುವುದಿಲ್ಲ. ಎಮರ್ಜೆನ್ಸಿಯಿಂದ ವಾರ್ಡಿಗೆ ಹಾಕಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಇವರು ಇನ್‌ಪೇಷಂಟಾ, ಅಬ್ಸರ್ವೇಷನ್ನಾ? ಮೆಡಿಕೇರ್ ಅಡ್ವಾಂಟೇಜ್ ಅನ್ನುವ ಖಾಸಗಿ ಪ್ಲಾನಿನಲ್ಲಿ ಇದ್ದವರಿಗೆ ಈ ನಿಯಮ ಸಡಿಲ ಇರಬಹುದು, ಪ್ಲಾನಿನವರನ್ನೇ ಕೇಳಬೇಕು.

ಊರಿಂದ ಬಂದ ತಂದೆ-ತಾಯಿಗೆ ಮೆಡಿಕೇರ್ ಸಿಗುತ್ತದಾ? ಗ್ರೀನ್ ಕಾರ್ಡ್ ಇದ್ದು, ಸತತ ಐದು ವರ್ಷ ಅಲ್ಲೇ ವಾಸವಿದ್ದು, 65 ಆಗಿದ್ದರೆ ದುಡ್ಡು ಕೊಟ್ಟು ಸೇರಬಹುದು. ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಆಸ್ಪತ್ರೆಯ ಭಾಗ, ಅಂದರೆ ಪಾರ್ಟ್ ಎ, ಉಚಿತ. ನಮ್ಮ ಅಪ್ಪ-ಅಮ್ಮ ದುಡಿದದ್ದೆಲ್ಲ ಊರಲ್ಲಿ. ಮಗ ಮೂವತ್ತು ವರ್ಷ ಕಟ್ಟಿದ ತೆರಿಗೆ ತಂದೆಯ ಲೆಕ್ಕಕ್ಕೆ ಬರುವುದಿಲ್ಲ. ಗಂಡ ಅಥವಾ ಹೆಂಡತಿ ದುಡಿದದ್ದು ಮಾತ್ರ ಪರಸ್ಪರ ಉಪಯೋಗಕ್ಕೆ ಬರುತ್ತದೆ. ಅಲ್ಲಿ ದುಡಿದೇ ಇಲ್ಲದವರಿಗೆ 2025ರಲ್ಲಿ ಪಾರ್ಟ್ ಎ ಕಂತು ತಿಂಗಳಿಗೆ 518 ಡಾಲರ್, ಡಾಕ್ಟರ ಭಾಗವಾದ ಪಾರ್ಟ್ ಬಿ 185. ಇಬ್ಬರಿಗೆ ಸೇರಿ 1,406 ಡಾಲರ್. ಅರ್ಹತೆ ಬಂದಾಗ ಸೇರದೆ ಬಿಟ್ಟರೆ, ತಡವಾದ ಪ್ರತಿ 12 ತಿಂಗಳಿಗೆ ಪಾರ್ಟ್ ಬಿ ಕಂತಿಗೆ 10% ದಂಡ ಸೇರುತ್ತದೆ, ಅದು ಆಮೇಲೆ ಹೋಗುವುದಿಲ್ಲ.

ಐದು ವರ್ಷ ತುಂಬುವವರೆಗೆ ಕವರ್ಡ್ ಕ್ಯಾಲಿಫೋರ್ನಿಯಾ ಅನ್ನುವ ರಾಜ್ಯದ ವಿಮಾ ಮಾರುಕಟ್ಟೆಯಲ್ಲಿ ಪಾಲಿಸಿ ಕೊಳ್ಳಬಹುದು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದವರಿಗೆ ಇದ್ಯಾವುದೂ ಇಲ್ಲ, ಪ್ರಯಾಣದ ವಿಮೆಯೊಂದೇ ದಿಕ್ಕು.

ಮೆಡಿಕ್ಯಾಲ್ ಮತ್ತು ಆಸ್ತಿಯ ಮಿತಿ

ಹೆಸರು ಒಂದೇ ಥರ ಕೇಳಿಸಿದರೂ ಇದು ಬೇರೆ. ಮೆಡಿಕೇರ್ ನೋಡುವುದು ವಯಸ್ಸನ್ನು. ಮೆಡಿಕ್ಯಾಲ್ ನೋಡುವುದು ಆದಾಯವನ್ನು, ಈಗ ಆಸ್ತಿಯನ್ನೂ. ಬೇರೆ ರಾಜ್ಯಗಳಲ್ಲಿ ಮೆಡಿಕೇಡ್ ಅನ್ನುವ ಯೋಜನೆಗೆ ಕ್ಯಾಲಿಫೋರ್ನಿಯಾದಲ್ಲಿ ಈ ಹೆಸರು.

2024ರ ಜನವರಿಯಲ್ಲಿ ರಾಜ್ಯ ಆಸ್ತಿಯ ಮಿತಿಯನ್ನು ತೆಗೆದುಹಾಕಿತ್ತು. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳುತ್ತಿರಲಿಲ್ಲ. 2026ರ ಜನವರಿಯಿಂದ ಮತ್ತೆ ಕೇಳುತ್ತಾರೆ. ಒಬ್ಬರಿಗೆ 1,30,000 ಡಾಲರ್, ಮನೆಯ ಪ್ರತಿ ಹೆಚ್ಚುವರಿ ಸದಸ್ಯರಿಗೆ ಇನ್ನೂ 65,000. ಗಂಡ-ಹೆಂಡತಿ ಇಬ್ಬರೇ ಆದರೆ 1,95,000. ವಾಸದ ಮನೆ ಮತ್ತು ಒಂದು ಕಾರು ಇದರಲ್ಲಿ ಸೇರುವುದಿಲ್ಲ. ಊರಿನ ಬ್ಯಾಂಕಿನ ಎಫ್‌.ಡಿ., ಮೈಸೂರಿನ ಸೈಟು ಇವನ್ನು ಅಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ. ಅರ್ಜಿಗೆ ಸಹಿ ಹಾಕುವುದೇ ಹೇಳಿದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ. ಮುಚ್ಚಿಡುವುದು ಅಪರಾಧ.

ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಕೇಂದ್ರದ ನಿಯಮದಲ್ಲಿ ಐದು ವರ್ಷ ಕಾಯುವಿಕೆ ಇದೆ. ಕ್ಯಾಲಿಫೋರ್ನಿಯಾ ತನ್ನ ಸ್ವಂತ ದುಡ್ಡಿನಿಂದ ಅಂಥವರನ್ನೂ ಸೇರಿಸಿಕೊಳ್ಳುತ್ತಾ ಬಂದಿದೆ.

ನರ್ಸಿಂಗ್ ಹೋಂನಲ್ಲಿ ದೀರ್ಘಕಾಲ ಇರಬೇಕಾದರೆ ಮೆಡಿಕ್ಯಾಲ್ ವಾಸ, ಆರೈಕೆ, ಚಿಕಿತ್ಸೆ ಮೂರಕ್ಕೂ ಕೊಡುತ್ತದೆ. ಒಂಟಿಯಾಗಿರುವವರು ತಮ್ಮ ಆದಾಯದಲ್ಲಿ ಕೈಖರ್ಚಿಗೆ ಸಾಮಾನ್ಯವಾಗಿ ತಿಂಗಳಿಗೆ 35 ಡಾಲರ್ ಇಟ್ಟುಕೊಂಡು ಉಳಿದದ್ದನ್ನು ಬಿಲ್ಲಿಗೆ ಕೊಡಬೇಕು. ಅಸಿಸ್ಟೆಡ್ ಲಿವಿಂಗ್‌ಗೆ ಅಷ್ಟು ಸಲೀಸಿಲ್ಲ. ಅಸಿಸ್ಟೆಡ್ ಲಿವಿಂಗ್ ವೇವರ್ ಅನ್ನುವ ಯೋಜನೆ ರಾಜ್ಯದ 15 ಕೌಂಟಿಗಳಲ್ಲಿ ಮಾತ್ರ ಇದೆ. ಅದೃಷ್ಟಕ್ಕೆ ಅಲಮೀಡಾ ಅದರಲ್ಲಿ ಒಂದು, ಪಕ್ಕದ ಸಾಂತಾ ಕ್ಲಾರಾ ಕೂಡ. ನರ್ಸಿಂಗ್ ಹೋಂಗೆ ಸೇರಿಸುವಷ್ಟು ಅಶಕ್ತರಾಗಿರಬೇಕು. ಆರೈಕೆಯ ಭಾಗಕ್ಕೆ ಮಾತ್ರ ದುಡ್ಡು, ರೂಮು-ಊಟ ನಮ್ಮದೇ. ಕಾಯುವ ಪಟ್ಟಿ ಉದ್ದ ಇರುತ್ತದೆ, ಅದಕ್ಕೆ ಬೇಗ ಹೆಸರು ಬರೆಸುವುದು ಒಳ್ಳೆಯದು.

ಮನೆಯಲ್ಲೇ ನೋಡಿಕೊಂಡರೆ

ಕೂಲಿಗೆ ಜನ ಇಟ್ಟುಕೊಂಡರೆ ಅಗ್ಗವಾ? ಅದೇ 2024ರ ಸಮೀಕ್ಷೆಯಲ್ಲಿ ಏಜೆನ್ಸಿಯಿಂದ ಬರುವ ಆರೈಕೆಯವರ ದರ ಗಂಟೆಗೆ 34 ಡಾಲರ್. ವಾರಕ್ಕೆ 44 ಗಂಟೆಯಂತೆ ವರ್ಷಕ್ಕೆ 77,792. ಅಸಿಸ್ಟೆಡ್ ಲಿವಿಂಗ್‌ಗಿಂತ ಜಾಸ್ತಿಯೇ ಆಯಿತು, ಅದೂ ರಾತ್ರಿ ಮತ್ತು ವಾರಾಂತ್ಯ ನಮ್ಮ ತಲೆ ಮೇಲೇ ಇದ್ದು. ದಿನಕ್ಕೆ ಮೂರು-ನಾಲ್ಕು ಗಂಟೆ ಸಾಕಾಗುವ ತನಕ ಮನೆ ಲಾಭ. ಹಗಲಿಡೀ ಜನ ಬೇಕು ಅಂದ ದಿನ ಲೆಕ್ಕ ತಿರುಗುತ್ತದೆ. ನಡುವಿನ ದಾರಿ ಅಡಲ್ಟ್ ಡೇ ಸೆಂಟರ್. ಹಗಲು ಬಿಟ್ಟು ಸಂಜೆ ಕರೆತರುವುದು, ದೇಶದ ಮಧ್ಯಮ ದರ ದಿನಕ್ಕೆ ಸುಮಾರು 100 ಡಾಲರ್.

ಮೆಡಿಕ್ಯಾಲ್ ಇದ್ದವರಿಗೆ ಐ.ಎಚ್.ಎಸ್.ಎಸ್. ಅನ್ನುವ ಯೋಜನೆ ಇದೆ. ಮನೆಗೆ ಬಂದು ನೋಡಿ, ಇಷ್ಟು ಗಂಟೆ ಸಹಾಯ ಬೇಕು ಅಂತ ಕೌಂಟಿಯವರು ಲೆಕ್ಕ ಹಾಕುತ್ತಾರೆ. ತಿಂಗಳಿಗೆ ಗರಿಷ್ಠ 283 ಗಂಟೆ. ಆ ಗಂಟೆಗಳ ಕೂಲಿ ಸರ್ಕಾರ ಕೊಡುತ್ತದೆ. ನಮ್ಮವರಿಗೆ ಆಶ್ಚರ್ಯವಾಗುವುದು ಇಲ್ಲಿ: ಆ ಕೂಲಿ ಪಡೆಯುವವರು ಮಗಳೋ ಸೊಸೆಯೋ ಆಗಿರಬಹುದು. ಅಮ್ಮನನ್ನು ನೋಡಿಕೊಳ್ಳಲು ದುಡ್ಡು ತಗೊಳ್ಳುವುದಾ ಅಂತ ಮುಜುಗರ ಪಡುವವರಿದ್ದಾರೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಸೊಸೆಯ ಕೈಗೆ ಒಂದಿಷ್ಟು ಬರುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಪೇಸ್ ಅನ್ನುವುದು ಇನ್ನೊಂದು ದಾರಿ. ಆನ್ ಲಾಕ್ ಸಂಸ್ಥೆ 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನಲ್ಲಿ ವಲಸೆ ಬಂದ ಮುದುಕರಿಗಾಗಿ ಶುರು ಮಾಡಿದ ಮಾದರಿ ಇದು. ಈಗ ಫ್ರೀಮಾಂಟ್‌ನಲ್ಲೂ ಅವರ ಸೇವೆ ಇದೆ. ಡೇ ಸೆಂಟರು, ಡಾಕ್ಟರು, ಔಷಧಿ, ವ್ಯಾನು, ಮನೆಯ ಸಹಾಯ ಎಲ್ಲ ಒಂದೇ ತಂಡದ ಕೈಯಲ್ಲಿ. 55 ದಾಟಿ, ನರ್ಸಿಂಗ್ ಹೋಂ ಮಟ್ಟದ ಅಗತ್ಯ ಇರಬೇಕು. ಮೆಡಿಕ್ಯಾಲ್ ಇಲ್ಲದವರು ದುಡ್ಡು ಕಟ್ಟಿ ಸೇರಬೇಕು.

ಊರಿನ ಆಸ್ತಿಯ ದುಡ್ಡು

ಜಯನಗರದ ಮನೆ ಮಾರಿ ಆ ದುಡ್ಡಲ್ಲಿ ನೋಡಿಕೊಳ್ಳೋಣ ಅನ್ನುವ ಕುಟುಂಬಗಳಿವೆ. ಅಮೆರಿಕದಲ್ಲಿ ನೆಲೆಸಿದ ಅನಿವಾಸಿಗಳು ತಮ್ಮ ಎನ್.ಆರ್.ಒ. ಖಾತೆಯಿಂದ, ಅಂದರೆ ಅನಿವಾಸಿಗಳಿಗಾಗಿ ಊರಿನ ಬ್ಯಾಂಕಿನಲ್ಲಿರುವ ರೂಪಾಯಿ ಖಾತೆಯಿಂದ, ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು, ತೆರಿಗೆ ಕಟ್ಟಿದ ಪತ್ರಗಳ ಜೊತೆ. ಇನ್ನೂ ಭಾರತದ ನಿವಾಸಿಯಾಗಿಯೇ ಇರುವವರಿಗೆ ಈ ಮಿತಿ 2,50,000 ಡಾಲರ್. ಗ್ರೀನ್ ಕಾರ್ಡ್ ಇರುವ ಅಪ್ಪನ ಊರಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಅದನ್ನು ಪ್ರತಿ ವರ್ಷ ಅಮೆರಿಕದ ಖಜಾನೆ ಇಲಾಖೆಗೆ ವರದಿ ಮಾಡಬೇಕು. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಯಾರನ್ನು ಕೇಳುವುದು

ಫ್ರೀಮಾಂಟ್ ನಗರಾಡಳಿತದ ಏಜ್ ವೆಲ್ ಸೆಂಟರ್ ಲೇಕ್ ಎಲಿಜಬೆತ್ ಪಕ್ಕದ ಸೆಂಟ್ರಲ್ ಪಾರ್ಕಿನಲ್ಲಿದೆ. ಊಟ, ವ್ಯಾಯಾಮ, ಮಾಹಿತಿ ಮೂರೂ ಅಲ್ಲಿ ಸಿಗುತ್ತದೆ. ದೇವಸ್ಥಾನ, ಗುರುದ್ವಾರ, ಚರ್ಚುಗಳಂಥ ಕಡೆಯಿಂದಲೇ ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಟ್ಟು, ತಮ್ಮ ಭಾಷೆಯ ಹಿರಿಯರಿಗೆ ದಾರಿ ತೋರಿಸುವ ಕಮ್ಯುನಿಟಿ ಅಂಬಾಸಿಡರ್ ಕಾರ್ಯಕ್ರಮವನ್ನೂ ನಗರ ನಡೆಸುತ್ತದೆ. ಲೈಫ್ ಎಲ್ಡರ್‌ಕೇರ್ ಅನ್ನುವ ಸಂಸ್ಥೆ ಮನೆಗೆ ಊಟ ತಲುಪಿಸುತ್ತದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತದೆ. ಪಕ್ಕದ ಮಿಲ್ಪಿಟಾಸ್‌ನ ಇಂಡಿಯಾ ಕಮ್ಯುನಿಟಿ ಸೆಂಟರ್‌ನಲ್ಲಿ ನಮ್ಮ ಕಡೆಯ ಹಿರಿಯರ ಗುಂಪೇ ಇರುತ್ತದೆ. 

ಮೆಡಿಕೇರ್ ಪ್ರಶ್ನೆಗಳಿಗೆ ಹೈಕ್ಯಾಪ್ ಅನ್ನುವ ಉಚಿತ ಸಲಹಾ ಸೇವೆ: 1-800-434-0222. ಇವರು ಯಾವ ಪಾಲಿಸಿಯನ್ನೂ ಮಾರುವುದಿಲ್ಲ, ಅದೇ ದೊಡ್ಡ ವಿಷಯ. ದೇಶದ ಯಾವ ಊರಲ್ಲಿದ್ದರೂ ಎಲ್ಡರ್‌ಕೇರ್ ಲೊಕೇಟರ್‌ಗೆ ಫೋನ್ ಮಾಡಬಹುದು: 1-800-677-1116. ಇಂಗ್ಲಿಷ್ ಬಾರದ ಅಮ್ಮ ತಾವೇ ಮಾತಾಡಬೇಕಾದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿ.

ಸಹಿ ಹಾಕುವ ಮುಂಚೆ

ಜಾಗ ಹುಡುಕಿಕೊಡುತ್ತೇವೆ, ನಮಗೆ ದುಡ್ಡು ಬೇಡ ಅನ್ನುವ ಏಜೆಂಟರಿಗೆ ದುಡ್ಡು ಕೊಡುವುದು ಆ ಜಾಗದವರು. ಕಮಿಷನ್ ಕೊಡದ ಮನೆಗಳ ಹೆಸರು ಅವರ ಪಟ್ಟಿಯಲ್ಲಿ ಇರದೇ ಹೋಗಬಹುದು. ಲೈಸೆನ್ಸ್ ಕೊಡುವ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿ ಮನೆಯ ತಪಾಸಣೆ ಮತ್ತು ದೂರುಗಳ ದಾಖಲೆ ಸಿಗುತ್ತದೆ. ಮೊದಲು ಅದನ್ನು ಓದಿ. ಆಮೇಲೆ ಹೇಳದೆ ಕೇಳದೆ ಸಂಜೆ ಊಟದ ಹೊತ್ತಿಗೆ ಹೋಗಿ. ವೆಜಿಟೇರಿಯನ್ ಇದೆ ಅಂದರೆ ಸಾಲದು, ನಿನ್ನೆ ರಾತ್ರಿ ಏನು ಬಡಿಸಿದಿರಿ ಅಂತ ಕೇಳಿ. ಮನೆಯಿಂದ ಡಬ್ಬಿ ತಂದರೆ ಫ್ರಿಜ್ಜಲ್ಲಿಟ್ಟು ಬಿಸಿ ಮಾಡಿಕೊಡುತ್ತಾರಾ? ಮರೆವಿನ ಕಾಯಿಲೆ ಇರುವವರಲ್ಲಿ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರಿ, ಕನ್ನಡ ಮಾತ್ರ ಉಳಿಯುವುದುಂಟು. ನೀರು, ನೋವು, ಬಚ್ಚಲು ಇಂಥ ಹತ್ತು ಪದಗಳನ್ನು ಬರೆದು ಗೋಡೆಗೆ ಅಂಟಿಸಲು ಬಿಡುತ್ತಾರಾ ಅಂತಲೂ ಕೇಳಿಕೊಳ್ಳಿ.

ಕರಾರಿನಲ್ಲಿ ಸೇರುವ ಭಾಗವನ್ನು ಎಲ್ಲರೂ ಓದುತ್ತಾರೆ, ಬಿಡುವ ಭಾಗವನ್ನು ಓದುವುದಿಲ್ಲ. ಎಷ್ಟು ದಿನ ಮುಂಚೆ ತಿಳಿಸಬೇಕು, ಪ್ರವೇಶ ಶುಲ್ಕದಲ್ಲಿ ಎಷ್ಟು ವಾಪಸ್, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆ ಇದೆಯಾ ಅಂತ ನೋಡಿ. ಅಲ್ಲಿದ್ದವರು ತೀರಿಕೊಂಡರೆ, ಅವರ ಸಾಮಾನು ತೆಗೆದ ಮೇಲೆ ಬಾಡಿಗೆ ಹಾಕುವಂತಿಲ್ಲ ಅಂತ ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತದೆ. ಸೇರಿದ ಮೇಲೆ ತಕರಾರು ಬಂದರೆ, ಅಲ್ಲಿರುವವರ ದೂರು ವಿಚಾರಿಸುವ ಅಂಬುಡ್ಸ್‌ಮನ್ ಇದ್ದಾರೆ. ಅವರ ಹೆಸರಿನ ಪೋಸ್ಟರ್ ಪ್ರತಿ ಮನೆಯ ಗೋಡೆಯ ಮೇಲೂ ಇರಲೇಬೇಕು. ಹಗಲು-ರಾತ್ರಿ ಸಿಗುವ ನಂಬರ್ 1-800-231-4024.